ಕೊನೆಯ ಪಾಠಕ್ಕೆ ಹಿಂದೆ ಕೂತವಳು

ಬೆಂಗಳೂರಿನಲ್ಲಿ ಗಾಡಿ ಓಡಿಸುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅಣ್ಣನ ಬೈಕನ್ನು ಕದ್ದು ಬೀದಿ ಮೂಲೆ ತನಕ ಓಡಿಸಿ, ಒಂದೆರಡು ಸಲ ಬಿದ್ದು, ಮೊಣಕಾಲು ತರಚಿಕೊಂಡು ಬಂದರೆ ಕಲಿತ ಹಾಗೆ. ಆಮೇಲೆ ಒಬ್ಬ ಏಜೆಂಟನ್ನು ಹಿಡಿದರೆ ಡಿಎಲ್ಲೂ ಕೈಗೆ ಬರುತ್ತದೆ. ಮುಗಿಯಿತಲ್ಲ, ಇನ್ನು ರಸ್ತೆ ಅವನಪ್ಪಂದು, ಫುಟ್‌ಪಾತು ಅವನ ತಾತಂದು. ಇಂಥ ಊರಿನಲ್ಲಿ ಕಲ್ಕೆರೆಯ ಮುನಿರಾಜ ಎಂಬ ಮನುಷ್ಯ ತನ್ನ ಖಾಲಿ ಸೈಟಿನಲ್ಲಿ ನಿಂತುಕೊಂಡು, ಕಲಿಯಲು ಬಂದವರ ಹೆಲ್ಮೆಟ್ಟಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, "ಇನ್ನೂ ಸ್ವಲ್ಪ ಬಿಗಿ ಮಾಡ್ಕೊಳಮ್ಮ" ಎನ್ನುತ್ತಿದ್ದ ಎಂದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಗುತ್ತಲೇ ತಮ್ಮ ಹೆಂಡತಿ, ಮಗಳು, ಸೊಸೆಯರನ್ನು ಅವನ ಹತ್ತಿರವೇ ಕಳಿಸಿದರು.

ಮುನಿರಾಜನ ಅಪ್ಪ ಮುನಿಆಂಜನಪ್ಪನ ಕಾಲಕ್ಕೆ ಅವರದು ಕೆರೆ ಕೆಳಗಿನ ಜಮೀನು. ರಾಗಿ, ಹುರುಳಿಕಾಯಿ, ಬಗೆಬಗೆ ಸೊಪ್ಪು. ಸೊಪ್ಪಿನ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ಮುದುಕ ಹಲಸೂರಿನ ಮಾರ್ಕೆಟ್ಟಿನ ತನಕ ತುಳಿಯುತ್ತಿದ್ದ. ಆಮೇಲೆ ಲೇಔಟುಗಳು ಬಂದವು. ಸೊಪ್ಪಿನ ಮಡಿಗಳಿದ್ದ ಕಡೆ ಬಾಡಿಗೆ ಮನೆಗಳೆದ್ದವು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಮುನಿರಾಜನಿಗೆ ಒಂದು ಮಹಡಿ ಮನೆಯೂ ಅದರ ಪಕ್ಕದ ಖಾಲಿ ಸೈಟೂ ಬಂದವು. ಆ ಸೈಟಿನಲ್ಲೂ ನಾಲ್ಕು ಮನೆ ಎಬ್ಬಿಸಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಿತ್ತು. ಈ ಪುಣ್ಯಾತ್ಮ ಅಲ್ಲಿ ಸುಣ್ಣದ ಗೆರೆ ಹಾಕಿ, ಇಟ್ಟಿಗೆ ಜೋಡಿಸಿ, ಬೈಕ್ ಕಲಿಸಲು ನಿಂತ. "ಬಂಗಾರದಂಥ ಸೈಟ್ನಲ್ಲಿ ಇಟ್ಟಿಗೆ ಆಟ ಆಡ್ತಾನೆ ನನ್ ಮಗ" ಎಂದು ತಾಯಿ ಮುನಿಗಂಗಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಶುರುವಾದದ್ದು ಮಹಡಿ ಮೇಲೆ ಬಾಡಿಗೆಗಿದ್ದ ರಮ್ಯಳಿಂದ. ಅವಳು ನರ್ಸು. ಬಸ್ಸು ಕಾದು ಕಾದು ರೋಸಿಹೋಗಿ, "ಅಣ್ಣ, ನಂಗೆ ಬೈಕ್ ಹೇಳ್ಕೊಡ್ತೀರಾ" ಎಂದಳು. ಮುನಿರಾಜ ಹೇಳಿಕೊಟ್ಟ. ಅವನು ಹೇಳಿಕೊಡುವ ರೀತಿಯೇ ಬೇರೆ. ಮೊದಲ ವಾರ ಇಂಜಿನ್ ಶುರು ಮಾಡಲೂ ಬಿಡುತ್ತಿರಲಿಲ್ಲ. ಗಾಡಿ ತಳ್ಳಿಸುತ್ತಿದ್ದ, ತಿರುಗಿಸುತ್ತಿದ್ದ, ಸ್ಟ್ಯಾಂಡ್ ಹಾಕಿಸಿ ತೆಗೆಸುತ್ತಿದ್ದ. ಆಮೇಲೆ ಕ್ಲಚ್ಚು, ಆಮೇಲೆ ಬ್ರೇಕು, ಕೊನೆಗೆ ರಸ್ತೆ. "ಗುಂಡಿ ನೋಡ್ಬೇಡ ಕಣಮ್ಮ, ಗುಂಡಿ ಪಕ್ಕದ ರೋಡ್ ನೋಡು. ನೀನು ಎಲ್ಲಿ ನೋಡ್ತೀಯೋ ಗಾಡಿ ಅಲ್ಲಿಗೇ ಹೋಗುತ್ತೆ." "ಆಟೋದವನು ಕೈ ತೋರಿಸ್ತಾನೆ ಅಂತ ಕಾಯ್ಬೇಡ. ಅವನ ಮುಂದಿನ ಚಕ್ರ ನೋಡು, ಅದು ಸುಳ್ಳು ಹೇಳಲ್ಲ." "ಎರಡೂ ಬ್ರೇಕು ಒಟ್ಟಿಗೆ. ಮೆತ್ತಗೆ ಹಿಂಡು, ಗಬಕ್ಕಂತ ಕಿತ್ಕೋಬೇಡ. ಹ್ಯಾಂಡಲ್ ನೆಟ್ಟಗಿರ್ಲಿ." ಈ ಮಾತುಗಳನ್ನು ಆ ಬೀದಿಯ ಗಿಳಿಗಳೂ ಕಲಿತಿರಬೇಕು, ಅಷ್ಟು ಸಲ ಹೇಳಿದ್ದಾನೆ.

ರಮ್ಯ ಚೆನ್ನಾಗಿಯೇ ಕಲಿತಳು. ಕಲಿತ ಖುಷಿಗೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರಟು ಗೇಟಿನ ಮುಂದೆಯೇ ಇಬ್ಬರೂ ಧೊಪ್ಪೆಂದು ಬಿದ್ದರು. ಯಾರಿಗೂ ಏನೂ ಆಗಲಿಲ್ಲ, ಅತ್ತೆ ಮಾತ್ರ ಒಂದು ತಿಂಗಳು ಸೊಸೆಯ ಜೊತೆ ಮಾತು ಬಿಟ್ಟರು. ಮುನಿರಾಜನಿಗೆ ತಲೆ ಕೆಟ್ಟುಹೋಯಿತು. ಒಬ್ಬಳೇ ಓಡಿಸುವುದು ಬೇರೆ, ಹಿಂದೆ ಭಾರ ಹೊತ್ತು ಓಡಿಸುವುದು ಬೇರೆ. ಅದನ್ನು ಕಲಿಸಲೇ ಇಲ್ಲವಲ್ಲ! ಅದರಲ್ಲೂ ನಮ್ಮ ಹೆಂಗಸರು ಸೀರೆ ಉಟ್ಟು ಒಂದು ಕಡೆಗೆ ಕಾಲು ಹಾಕಿ ಕೂರುತ್ತಾರೆ. ಭಾರವೆಲ್ಲ ಎಡಕ್ಕೆ ಎಳೆಯುತ್ತದೆ. ಅದನ್ನು ಮೂಟೆ ಕಟ್ಟಿ ಕಲಿಸಲು ಬರುವುದಿಲ್ಲ, ಮೂಟೆ ಅಲುಗಾಡುವುದಿಲ್ಲ, ಮಾತಾಡುವುದಿಲ್ಲ, ಪರಿಚಯದವರು ಕಂಡರೆ ತಿರುಗಿ ನೋಡುವುದಿಲ್ಲ.

"ಅದಕ್ಯಾಕಷ್ಟು ಯೋಚ್ನೆ? ನಾನ್ ಕೂರ್ತೀನಿ ಬಿಡಿ" ಎಂದಳು ಪದ್ಮಶ್ರೀ.

ಪದ್ಮಶ್ರೀ ಅವನ ಹೆಂಡತಿ. ತುಂಬಿದ ಮೈ, ಬಾಯ್ತುಂಬ ಮಾತು, ದಿನವೂ ಮುಡಿಯಲ್ಲಿ ಹೂ. ಅವತ್ತಿನಿಂದ ಪ್ರತಿಯೊಬ್ಬರ ಕೊನೆಯ ಪಾಠಕ್ಕೆ ಅವಳೇ ಹಿಂದೆ ಕೂರುವವಳಾದಳು. ಕಲಿತವಳು ಮುಂದೆ, ಪದ್ಮಶ್ರೀ ಹಿಂದೆ, ಅವರ ಹಿಂದೆ ತನ್ನ ಗಾಡಿಯಲ್ಲಿ ಮುನಿರಾಜ. ಸೈಟಿನಿಂದ ಹೊರಟು, ಮುನೇಶ್ವರನ ಗುಡಿ ದಾಟಿ, ರಾಮಮೂರ್ತಿನಗರದ ಮೇನ್ ರೋಡ್ ಮುಟ್ಟಿ ವಾಪಸ್. ಅಷ್ಟು ಹೋಗಿ ಬಂದರೆ ಪಾಸು. ಗಾಡಿಯಿಂದ ಇಳಿದ ಮೇಲೆ ಪದ್ಮಶ್ರೀ ಹುಡುಗಿಯ ಕೆನ್ನೆ ಹಿಂಡಿ, "ಅಯ್ಯೋ, ನಿಮ್ ಸರ್‌ಗಿಂತ ನೀನೇ ಚೆನ್ನಾಗ್ ಓಡಿಸ್ತೀಯ ಕಣೇ" ಎನ್ನುವಳು. ಈ ಮಾತನ್ನು ಎಲ್ಲರಿಗೂ ಹೇಳುತ್ತಾಳೆಂದು ಗೊತ್ತಿದ್ದೂ ಎಲ್ಲರೂ ಉಬ್ಬಿಹೋಗುತ್ತಿದ್ದರು.

ಆ ಮುನೇಶ್ವರನ ಗುಡಿಯ ಬಗ್ಗೆ ಒಂದು ಮಾತು ಹೇಳಬೇಕು. ರಸ್ತೆಗೆ ಅಂಟಿಕೊಂಡ ಪುಟ್ಟ ಗುಡಿ. ಈ ಕಡೆಯ ಹಳೇ ಹಳ್ಳಿಗಳವರಿಗೆಲ್ಲ ಅವನೇ ಮನೆದೇವರು. ಮನೆಗೊಬ್ಬ ಮುನಿಯಪ್ಪ, ಮುನಿರಾಜ, ಮುನಿಗಂಗಮ್ಮ ಇರುವುದೂ ಅವನ ದಯದಿಂದಲೇ. ಗುಡಿ ಮುಂದೆ ಹೋಗುವ ಯಾವ ಗಾಡಿಯವನೂ ಸುಮ್ಮನೆ ಹೋಗುವುದಿಲ್ಲ. ಓಡಿಸುವವನು ಎಡಗೈ ಬಿಟ್ಟು ಎದೆಗೊಮ್ಮೆ ತುಟಿಗೊಮ್ಮೆ ಮುಟ್ಟಿಸಿಕೊಳ್ಳುತ್ತಾನೆ. ಹಿಂದೆ ಕೂತವರು ಎರಡೂ ಕೈ ಎತ್ತಿ ಮುಗಿಯುತ್ತಾರೆ. ಬೇರೆ ಊರಿನವರು ನೋಡಿದರೆ ಸರ್ಕಸ್ಸು ಎಂದುಕೊಂಡಾರು. ನಮಗೆ ಅದು ಉಸಿರಾಡಿದಷ್ಟೇ ಸಹಜ. ಗುಡಿ ಎಡಗಡೆಗೆ ಬರುತ್ತದೆ, ಹೆಂಗಸರು ಎಡಕ್ಕೆ ಮುಖ ಮಾಡಿ ಕೂತಿರುತ್ತಾರೆ, ದೇವರು ನೇರ ಎದುರಿಗೇ ಸಿಗುತ್ತಾನೆ. ಕೈ ಮುಗಿಯದೆ ಹೇಗಿರುತ್ತಾರೆ ಹೇಳಿ.

ಶೀತಲ್ ಬಂದದ್ದು ಹೋದ ವರ್ಷ. ಗದಗದ ಕಡೆಯ ಹುಡುಗಿ. ಇಂದಿರಾನಗರದ ಒಂದು ಫರ್ನಿಚರ್ ಶೋರೂಮಿನಲ್ಲಿ ಅಕೌಂಟ್ಸ್ ಕೆಲಸ, ರಾಮಮೂರ್ತಿನಗರದಲ್ಲಿ ಒಂಟಿ ರೂಮು. ಡಿಎಲ್ ಆಗಲೇ ಇತ್ತು, ಧೈರ್ಯ ಇರಲಿಲ್ಲ. "ನಮ್ಮವ್ವಗ ಮೊಣಕಾಲ ಬ್ಯಾನಿ ಐತ್ರಿ ಸರ್. ಇಲ್ಲಿ ಕರ್ಕೊಂಡ್ ಬಂದು ತೋರಸ್ಬೇಕಂತ ಮಾಡೇನಿ. ಹಿಂದ ಕೂಡಿಸ್ಕೊಂಡು ದವಾಖಾನಿಗೆ ಹೋಗಿ ಬರುವಷ್ಟು ಕಲಿಸಿಬಿಡ್ರಿ, ಸಾಕು. ಈ ಆಟೋದವ್ರ ಕೂಡ ಜಗಳಾಡಿ ನನಗ ಸಾಕಾಗೇತಿ" ಎಂದಳು. ಮುನಿರಾಜನಿಗೆ ಆ ಹುಡುಗಿ ಹಿಡಿಸಿದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಬ್ರೇಕ್ ಹಿಂಡು ಎಂದರೆ ಹಿಂಡುವಳು, ಕಿತ್ತುಕೊಳ್ಳುತ್ತಿರಲಿಲ್ಲ. ಇಷ್ಟು ವರ್ಷಕ್ಕೆ ಒಬ್ಬಳು ಶಿಷ್ಯೆ ಸಿಕ್ಕಳು ಎಂದು ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಕೊಚ್ಚಿಕೊಂಡ.

ಕೊನೆಯ ಪಾಠ ಒಂದು ಭಾನುವಾರ ಬೆಳಿಗ್ಗೆ. ಮುನಿರಾಜ ಶೀತಲಳ ಹೆಲ್ಮೆಟ್ಟಿನ ಪಟ್ಟಿಗೆ ಬೆರಳು ತೂರಿಸಿ ನೋಡಿದ. ಹೆಂಡತಿಯ ಪಟ್ಟಿ ನೋಡಲಿಲ್ಲ. ಪದ್ಮಶ್ರೀಗೆ ಪಟ್ಟಿ ಹಾಕಿದರೆ ಹೆಲ್ಮೆಟ್ಟು ತುರುಬನ್ನು ಒತ್ತುತ್ತಿತ್ತು, ಹೂ ನಲುಗುತ್ತಿತ್ತು. ತಲೆ ಮೇಲೆ ಹಾಗೇ ಇಟ್ಟುಕೊಂಡು ಕೂತುಬಿಡುವಳು. ಇಲ್ಲೇ ತಾನೇ, ಮೇನ್ ರೋಡ್ ತನಕ ತಾನೇ ಎಂದು ಅವನೂ ಸುಮ್ಮನಿದ್ದುಬಿಟ್ಟಿದ್ದ. ಊರಿಗೆಲ್ಲ ಬುದ್ಧಿ ಹೇಳುವವನು ಮನೆಯವಳಿಗೆ ಹೇಳಲಿಲ್ಲ. ಒಳಗೆ ಹೋಗಿ ತನ್ನ ಗಾಡಿ ತೆಗೆದುಕೊಂಡು ಬಂದ, ಅಷ್ಟರಲ್ಲಿ ಇಬ್ಬರೂ ಹತ್ತಿ ಕೂತಿದ್ದರು. ಹೊರಟರು.

ಗುಡಿಯ ಹತ್ತಿರ ಬಂದಾಗ ಮುನಿರಾಜ ಎಂದಿನಂತೆ ಎಡಗೈ ಎದೆಗೆ ಮುಟ್ಟಿಸಿಕೊಂಡು ದೇವರ ಕಡೆ ಒಮ್ಮೆ ನೋಡಿದ. ಆ ಒಂದು ಗಳಿಗೆ ಅವನ ಕಣ್ಣು ರಸ್ತೆಯ ಮೇಲೆ ಇರಲಿಲ್ಲ. ಮತ್ತೆ ಮುಂದೆ ನೋಡಿದಾಗ ಶೀತಲಳ ಗಾಡಿ ನಿಂತಿತ್ತು. ಗುಡಿಯ ಮುಂದೆ ಪೂಜೆ ಮುಗಿಸಿದ ಹೊಸ ಆಟೋ ಒಂದು ರಿವರ್ಸಿನಲ್ಲಿ ರಸ್ತೆಗೆ ಅಡ್ಡ ಬಂದು ನಿಂತಿತ್ತು. ಪದ್ಮಶ್ರೀ ಎಡಗಡೆ ನೆಲದ ಮೇಲೆ ಬಿದ್ದಿದ್ದಳು. ಹೆಲ್ಮೆಟ್ಟು ಆಟೋದ ಕೆಳಗೆ ಉರುಳಿಹೋಗಿತ್ತು. ರಸ್ತೆ ಅಂಚಿನ ಕಲ್ಲಿಗೆ ತಲೆಯ ಹಿಂಭಾಗ ಬಡಿದಿತ್ತು.

ಆಸ್ಪತ್ರೆಗೆ ಹೋಗುವ ತನಕ ಉಸಿರಿತ್ತು. ಸಂಜೆಗೆ ಅದೂ ಇರಲಿಲ್ಲ.

ಡಾಕ್ಟರು ಹೊರಗೆ ಬಂದು ತಲೆ ಅಲ್ಲಾಡಿಸಿದಾಗ ಶೀತಲ್ ಗೋಡೆಗೆ ಆತುಕೊಂಡು ನಿಂತಿದ್ದಳು, ಚೂಡಿದಾರದ ತುಂಬ ರಕ್ತ. ಮುನಿರಾಜನ ಕಣ್ಣಿಗೆ ಅವಳೇ ಬಿದ್ದಳು. ನೆಂಟರಿಷ್ಟರೆಲ್ಲ ಸೇರಿದ್ದರು. ಅಷ್ಟು ಜನರ ಮುಂದೆ, "ಬ್ರೇಕ್ ಹಿಂಗಾ ಹಾಕೋದು? ನಾನ್ ಹೇಳ್ಕೊಟ್ಟಿದ್ದು ಇದೇನಾ? ಕಿತ್ಕೋಬೇಡ ಅಂತ ಎಷ್ಟ್ ಸಲ ಬಡ್ಕೊಂಡೆ! ಕೊಂದ್ಬಿಟ್ಟೆಯಲ್ಲೇ ನನ್ ಹೆಂಡ್ತೀನ!" ಎಂದು ಗಂಟಲು ಹರಿಯುವಂತೆ ಕೂಗಿದ. ಮುನಿಗಂಗಮ್ಮ ನೆಲಕ್ಕೆ ಕೈ ಬಡಿದು ಬಡಿದು ಆ ಹುಡುಗಿಯ ವಂಶಕ್ಕೆಲ್ಲ ಶಾಪ ಹಾಕಿದಳು. ಯಾರೋ ಶೀತಲಳನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

ಪೊಲೀಸಿನವರು ಬಂದರು, ಆಟೋದವನ ಮೇಲೆ ಕೇಸು ಬರೆದುಕೊಂಡು ಹೋದರು. ತಿಥಿಯೂ ಆಯಿತು. ಸೈಟಿನ ಸುಣ್ಣದ ಗೆರೆಗಳ ಮೇಲೆ ಹುಲ್ಲು ಬಂತು. ಯಾರಾದರೂ ಕ್ಲಾಸು ಕೇಳಿಕೊಂಡು ಬಂದರೆ ಮುನಿಗಂಗಮ್ಮ ಗೇಟಿನಲ್ಲೇ ನಿಲ್ಲಿಸಿ ಓಡಿಸುತ್ತಿದ್ದಳು. ಮುನಿರಾಜ ಒಳಗೆ ಕೂತು ಅದೇ ಒಂದು ಲೆಕ್ಕ ಹಾಕುತ್ತಿದ್ದ: ಆ ಹುಡುಗಿ ಹಿಂಡಿದ್ದರೆ ಪದ್ಮ ಬೀಳುತ್ತಿರಲಿಲ್ಲ, ಕಿತ್ತುಕೊಂಡಳು, ಅದಕ್ಕೇ ಇವಳು ಬಿದ್ದಳು. ಆ ಲೆಕ್ಕ ಅವನಿಗೆ ಬೇಕಾಗಿತ್ತು. ಅದಿಲ್ಲದೆ ಬೆಳಗಾಗುತ್ತಿರಲಿಲ್ಲ, ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಪವೊಂದು ಇದ್ದರೆ ಮನುಷ್ಯ ಹೇಗೋ ಎದ್ದು ಓಡಾಡುತ್ತಾನೆ.

ಗುಡಿಯ ರಸ್ತೆಗೆ ಅವನು ಕಾಲಿಟ್ಟಿರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಹೊರಮಾವು ಸುತ್ತಿಕೊಂಡು ಹೋಗುತ್ತಿದ್ದ. ಒಂದು ಮಧ್ಯಾಹ್ನ ಆ ಕಡೆ ಚರಂಡಿ ಅಗೆದು ರಸ್ತೆ ಮುಚ್ಚಿದ್ದರು, ನಮ್ಮೂರಲ್ಲಿ ಅದೇನು ಹೊಸದಲ್ಲ. ಬೈದುಕೊಳ್ಳುತ್ತಲೇ ಹಳೇ ರಸ್ತೆಗೆ ಬಂದ. ದೇವರ ಮುಖ ನೋಡಬಾರದು, ಕೈ ಮುಗಿಯಬಾರದು, ಜೋರಾಗಿ ಹೋಗಿಬಿಡಬೇಕು ಎಂದು ಹಲ್ಲು ಕಚ್ಚಿಕೊಂಡು ಬಂದ.

ಗುಡಿ ಇನ್ನೂ ಒಂದಿಷ್ಟು ದೂರ ಇದೆ ಎನ್ನುವಾಗಲೇ ಗಾಡಿ ನಿಧಾನವಾಯಿತು.

ಅವನು ನಿಧಾನ ಮಾಡಬೇಕೆಂದುಕೊಂಡಿರಲಿಲ್ಲ. ಬಲಗೈ ತಾನಾಗಿ ಆಕ್ಸಿಲರೇಟರ್ ಬಿಟ್ಟಿತ್ತು. ಗಾಡಿ ನಡೆದುಕೊಂಡು ಹೋಗುವವರ ಜೊತೆಗೆ ಹೋಗುವಷ್ಟು ಮೆತ್ತಗೆ ಗುಡಿಯ ಮುಂದೆ ಸಾಗುತ್ತಿತ್ತು. ಮುನಿರಾಜನಿಗೆ ಆಗ ಹೊಳೆಯಿತು. ಇದನ್ನು ಅವನು ಯಾವತ್ತೂ ಮಾಡುತ್ತಿದ್ದ. ಮದುವೆಯಾದಾಗಿನಿಂದ, ಪದ್ಮಶ್ರೀ ಹಿಂದೆ ಕೂತಾಗಿನಿಂದ, ಈ ಜಾಗ ಬಂದರೆ ಅವಳು ಎರಡೂ ಕೈ ಬಿಡುತ್ತಾಳೆ, ಇವನ ಕೈ ಮೆತ್ತಗಾಗುತ್ತದೆ. ಯೋಚನೆ ಮಾಡಿ ಮಾಡಿದ್ದಲ್ಲ. ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರಿಗೆ ಕಲಿಸುತ್ತಾನೆ? ಆಟೋದ ಮುಂದಿನ ಚಕ್ರ ನೋಡು ಎಂದು ಹೇಳಿದ್ದ, ಗುಂಡಿಯ ಪಕ್ಕ ನೋಡು ಎಂದಿದ್ದ. ಗುಡಿ ಬಂದರೆ ಹಿಂದೆ ಕೂತವಳು ಕೈ ಬಿಡುತ್ತಾಳೆ, ಅಲ್ಲಿ ನಿಧಾನ ಮಾಡು ಎಂದು ಒಬ್ಬರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಏನೂ ಆಗಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಅದೇ ಗಳಿಗೆಗೆ ಯಾವ ಆಟೋವೂ ಅಡ್ಡ ಬಂದಿರಲಿಲ್ಲ.

ಗುಡಿಯ ಪಕ್ಕದಲ್ಲಿ ಹೂ ಮಾರುವ ಆಬಿದಾ ಅವನನ್ನು ಕಂಡು ಎದ್ದು ಬಂದಳು. ಪದ್ಮಶ್ರೀ ದಿನಾ ಹೂ ತೆಗೆದುಕೊಳ್ಳುತ್ತಿದ್ದುದು ಅವಳ ಹತ್ತಿರವೇ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಣ್ಣ, ಒಂದ್ ಮಾತು ಹೇಳ್ಬೇಕು ಅಂತ ಎಷ್ಟ್ ದಿವ್ಸದಿಂದ ಕಾಯ್ತಾ ಇದೀನಿ. ನೀವು ಈ ಕಡೆ ಬರ್ಲೇ ಇಲ್ಲ. ಮನೆಗ್ ಬರಕ್ಕೆ ನಂಗೆ ಧೈರ್ಯ ಇಲ್ಲ, ನಿಮ್ ತಾಯಿ ಇದಾರೆ. ಅಲ್ಲಾ ಕಸಮ್, ಆ ಹುಡ್ಗೀದು ತಪ್ಪಿಲ್ಲ ಅಣ್ಣ. ನಾನ್ ಇಲ್ಲೇ ಕೂತಿದ್ದೆ, ಈ ಕಣ್ಣಲ್ಲಿ ನೋಡಿದೀನಿ. ಆಟೋದವನು ಹಿಂದಕ್ಕೆ ಬಂದ. ಹುಡ್ಗಿ ಗಾಡಿ ಎಷ್ಟು ನೀಟಾಗಿ ನಿಲ್ಲಿಸ್ದಳು ಗೊತ್ತಾ, ಒಂಚೂರೂ ಅಲ್ಲಾಡ್ಲಿಲ್ಲ. ಅಕ್ಕಂದು ಎರಡ್ ಕೈನೂ ಮೇಲಿತ್ತು ಅಣ್ಣ. ಹಿಂಗೆ. ಕಣ್ಣೂ ಮುಚ್ಚಿದ್ರು."

ಆಬಿದಾ ಎರಡೂ ಕೈ ಜೋಡಿಸಿ ಹಣೆಯ ಹತ್ತಿರ ಎತ್ತಿ ತೋರಿಸಿದಳು. ಮುನಿರಾಜ ನೋಡಲಾರದೆ ಮುಖ ತಿರುಗಿಸಿದ.

"ಆ ಹುಡ್ಗಿ ಇವತ್ತು ಊರಿಗೆ ಹೋಗ್ತಾಳಂತೆ. ಅವರಪ್ಪ ಬಂದಿದಾರೆ. ಬೆಳಗ್ಗೆ ಬಂದು ಇಲ್ಲೇ ಹೂ ತಗೊಂಡು ದೇವ್ರಿಗೆ ಹಾಕ್ಸಿ, ತಪ್ಪಾಯ್ತು ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂಡ್ರು ಪಾಪ, ವಯಸ್ಸಾದವ್ರು. ಸಂಜೆ ಟ್ರೇನಂತೆ."

ಮುನಿರಾಜ ಗಾಡಿಯನ್ನು ಶೀತಲಳ ರೂಮಿನ ಕಡೆ ತಿರುಗಿಸಿದ. ದಾರಿಯುದ್ದಕ್ಕೂ ಅವನಿಗೆ ಒಂದೇ ಭಯ. ಆ ಹುಡುಗಿ ರೈಲು ಹತ್ತಿಬಿಟ್ಟರೆ, ನಾನು ಒಂದು ಜೀವ ತೆಗೆದವಳು ಎಂದುಕೊಂಡೇ ಬಾಳಬೇಕು. ಅದನ್ನು ಅವಳ ತಲೆಗೆ ಹಾಕಿದವನು ನಾನು. ಅವಳು ಹೋಗುವುದರೊಳಗೆ ತೆಗೆಯಬೇಕು. ಬೇರೆ ಯಾರು ಹೇಳಿದರೂ ಅವಳು ನಂಬುವುದಿಲ್ಲ, ನಾನೇ ಹೇಳಬೇಕು.

ಶೀತಲಳ ರೂಮು ಮೂರನೆಯ ಮಹಡಿಯಲ್ಲಿ. ಬಾಗಿಲು ತೆಗೆದವರು ಬಿಳಿ ಪಂಚೆ, ಟೊಪ್ಪಿಗೆಯ ಹಿರಿಯರು, ಅವಳ ಅಪ್ಪ ಶರಣಪ್ಪ.

"ಯಾರ್ರೀ?"

"ನಾನು ಮುನಿರಾಜ್. ನಿಮ್ ಮಗಳಿಗೆ ಗಾಡಿ ಕಲಿಸ್ತಿದ್ದೆ."

ಶರಣಪ್ಪನವರ ಮುಖ ಬಿಳಚಿಕೊಂಡಿತು. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡರೋ ಏನೋ, ಟೊಪ್ಪಿಗೆ ತೆಗೆದು ಬಗ್ಗಿದರು. "ತಪ್ಪಾಗೇತ್ರಿ ಸಾಹೇಬ್ರ. ಮಗಳ ಪರವಾಗಿ ನಾ ನಿಮ್ಮ ಕಾಲಿಗೆ ಬೀಳ್ತೇನ್ರಿ" ಎಂದರು. ಮುನಿರಾಜ ಅವರ ಎರಡೂ ತೋಳು ಹಿಡಿದು ಎತ್ತಿದ. ತನಗಿಂತ ದೊಡ್ಡವರು, ಅಪ್ಪನ ವಯಸ್ಸಿಗೆ ಹತ್ತಿರದವರು. ಅವನಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

"ಬಿಡ್ತು ಅನ್ನಿ ಯಜಮಾನ್ರೇ. ನಾನು ಜಗಳಕ್ಕೆ ಬಂದಿಲ್ಲ. ನಿಮ್ ಮಗಳ ಹತ್ರ ಎರಡು ಮಾತಾಡ್ಬೇಕು."

"ಆಕಿ ಮಾತಾಡಂಗಿಲ್ರಿ" ಎಂದರು ಶರಣಪ್ಪ ದನಿ ತಗ್ಗಿಸಿ. "ಮಾತಾಡಂಗಿಲ್ಲ, ಉಣ್ಣಂಗಿಲ್ಲ. ಬಾಯಾಗ ತುತ್ತಿಟ್ರ ಹಂಗ ಇಟ್ಕೊಂಡು ಕುಂದರ್ತಾಳ. ರಸ್ತಾದಾಗ ಯಾವ್ದರ ಗಾಡಿ ಬ್ರೇಕ್ ಸಪ್ಪಳಾತಂದ್ರ ಕಿವಿ ಮುಚ್ಕೊಂತಾಳ್ರಿ. ಅವ್ರವ್ವ ಅಲ್ಲಿ ಅಳಕೋಂತ ಕುಂತಾಳ. ಅದಕ್ಕ ಕರ್ಕೊಂಡು ಹೊಂಟೇನಿ."

ಒಳಗೆ ಕಟ್ಟಿಟ್ಟ ಬ್ಯಾಗುಗಳ ಮಧ್ಯೆ ಶೀತಲ್ ಕೂತಿದ್ದಳು. ಇವನನ್ನು ಕಂಡು ಎದ್ದು ಗೋಡೆಗೆ ಸರಿದಳು. ಆಸ್ಪತ್ರೆಯಲ್ಲಿ ನಿಂತಿದ್ದಳಲ್ಲ, ಹಾಗೇ. ಕಣ್ಣು ಗುಳಿ ಬಿದ್ದಿದ್ದವು. ಮುನಿರಾಜ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತ.

"ಶೀತಲ್, ಕೇಳಮ್ಮ. ನೀನು ಅವತ್ತು ಗಾಡಿ ಸರಿಯಾಗೇ ನಿಲ್ಲಿಸ್ದೆ. ನಾನ್ ಹೇಳ್ಕೊಟ್ಟ ಹಾಗೇ ನಿಲ್ಲಿಸ್ದೆ. ನೋಡಿದವರು ಇದಾರೆ. ನಾನು ನೋಡ್ದೇನೇ ನಿನ್ನನ್ನ ಅಂದ್ಬಿಟ್ಟೆ. ಆ ಗುಡಿ ಹತ್ರ ಪದ್ಮ ಎರಡೂ ಕೈ ಬಿಟ್ಟು ಮುಗೀತಾಳೆ. ಯಾವಾಗ್ಲೂ ಹಂಗೇ. ನನ್ ಹಿಂದೆ ಕೂತಾಗ ನಾನ್ ಅಲ್ಲಿ ನಿಧಾನ ಮಾಡ್ತಿದ್ದೆ. ಮಾಡ್ತಿದ್ದೆ ಅಂತ ನಂಗೇ ಇವತ್ ಗೊತ್ತಾಯ್ತು. ನಿಂಗೆ ಅದನ್ನ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದು ಕಣಮ್ಮ. ಪೂರಾ ನಂದು."

ಶೀತಲ್ ಮುಖ ಎತ್ತಿದಳು. ಮಾತು ಹೊರಗೆ ಬಂದಾಗ ಅದು ಎಷ್ಟೋ ದಿನ ಬಳಸದ ಗಂಟಲಿನಿಂದ ಬಂದಂತಿತ್ತು.

"ಕೈ ಮುಗಿದಿದ್ರೇನ್ರಿ?"

"ಹೂಂ ಕಣಮ್ಮ."

"ಅದಕ್ಕ ಮುಗಿದಿರ್ಬೇಕ್ರಿ" ಎಂದಳು ಶೀತಲ್. "ಅವ್ರು ಭಾಳ ಹೆದರಿದ್ರು ಸರ್."

ಮುನಿರಾಜನಿಗೆ ಅರ್ಥವಾಗಲಿಲ್ಲ. "ಯಾರು?"

"ಆಂಟಿರೀ. ನೀವು ಗಾಡಿ ತರಾಕ ಒಳಗ ಹೋಗಿದ್ರಲ್ಲ, ಅವಾಗ. ನಾ ಗಡಗಡ ನಡುಗಾಕತ್ತಿದ್ದೆ. ಅವ್ರು ನನ್ನ ಕೈ ಹಿಡಿದ್ರು. ಅವ್ರ ಕೈನೂ ತಣ್ಣಗಾಗಿತ್ರಿ. 'ನಂಗೂ ಭಯ ಕಣೇ. ಇಷ್ಟು ವರ್ಷ ಆಯ್ತು, ಬೇರೆಯವರ ಹಿಂದೆ ಕೂತ್ರೆ ಇವತ್ತಿಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ. ನಿಮ್ ಸರ್ ಹಿಂದೆ ಕೂತ್ರೆ ಮಾತ್ರ ನಿದ್ದೆ ಬರುತ್ತೆ. ಮುನೇಶ್ವರನ ಗುಡಿ ತನಕ ಹೇಗೋ ಹೋದ್ರೆ ಸಾಕು, ಆಮೇಲೆ ಅವನು ನೋಡ್ಕೋತಾನೆ' ಅಂದ್ರು. ಆಮ್ಯಾಲ ನಕ್ರು. 'ನಿಮ್ ಸರ್‌ಗೆ ಹೇಳ್ಬೇಡ, ಕ್ಲಾಸ್ ನಿಲ್ಲಿಸ್ಬಿಡ್ತಾರೆ. ಇದೊಂದೇ ಅವರಿಗೆ ಖುಷಿ' ಅಂದ್ರು."

ಕೆಳಗೆ ಬೀದಿಯಲ್ಲಿ ಒಬ್ಬ ಸೊಪ್ಪಿನವನು ಕೂಗಿಕೊಂಡು ಹೋದ. ಎಷ್ಟು ಜನ ಹುಡುಗಿಯರು, ಎಷ್ಟು ಕೊನೆಯ ಪಾಠಗಳು! ಅಷ್ಟು ಸಲವೂ ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಇಳಿದು ಕೆನ್ನೆ ಹಿಂಡಿ ನಗುತ್ತಿದ್ದಳು. ಹತ್ತು ಹೆಜ್ಜೆ ಹಿಂದೆಯೇ ಬರುತ್ತಿದ್ದ ತಾನು ಹುಡುಗಿಯ ಕ್ಲಚ್ಚು ನೋಡಿದ, ಬ್ರೇಕಿನ ದೀಪ ನೋಡಿದ, ತನ್ನವಳ ಬೆನ್ನನ್ನು ನೋಡಲಿಲ್ಲ.

ಅವನ ಮುಖ ನೋಡಿ ಶೀತಲ್ ಹೆದರಿದಳು. "ಸರ್... ನಿಮಗ ಗೊತ್ತಿರ್ಲಿಲ್ಲೇನ್ರಿ?"

ಇಲ್ಲ ಎಂದರೆ ಏನಾಗುತ್ತದೆಂದು ಮುನಿರಾಜನಿಗೆ ಕಾಣಿಸಿತು. ಹೇಳಬೇಡ ಎಂದದ್ದನ್ನು ಹೇಳಿಬಿಟ್ಟೆ, ಸತ್ತವಳ ಮಾತು ಮುರಿದೆ, ಇವರನ್ನೂ ಕೊಂದೆ ಎಂದು ಈ ಹುಡುಗಿ ಇನ್ನೊಂದು ಹೊರೆ ಹೊತ್ತುಕೊಂಡು ರೈಲು ಹತ್ತುತ್ತಾಳೆ. ಒಂದನ್ನು ಇಳಿಸಲು ಬಂದು ಇನ್ನೊಂದನ್ನು ಹೇರಿ ಕಳಿಸಿದ ಹಾಗಾಗುತ್ತದೆ.

"ಗೊತ್ತಿತ್ತಮ್ಮ" ಎಂದ. "ಕಟ್ಕೊಂಡವನಿಗೆ ಅಷ್ಟೂ ಗೊತ್ತಿರಲ್ವಾ?"

ಶೀತಲಳ ಮುಖ ಬದಲಾಯಿತು. ಗೋಡೆ ಬಿಟ್ಟು ಮುಂದೆ ಬಂದಳು.

"ಗೊತ್ತಿತ್ತೇನ್ರಿ? ಗೊತ್ತಿದ್ದೂ ಕೂಡಿಸ್ತಿದ್ರೇನ್ರಿ? ಅಷ್ಟು ಹೆದ್ರುವಾಕಿನ್ನ, ನಮ್ಮಂಥಾ ಏನೂ ಬರಲಾರದವ್ರ ಹಿಂದ?" ದನಿ ಏರಿತು. "ಮತ್ತ ನನಗ್ಯಾಕ್ರಿ ಅಂದ್ರಿ? ಅಷ್ಟು ಮಂದಿ ಮುಂದ ನಾ ಕೊಂದೆ ಅಂದ್ರಿ. ನಾ ಖರೇನ ಕೊಂದೇನಿ ಅಂತ ತಿಳ್ಕೊಂಡು ಸತ್ತಂಗ ಬಿದ್ದೇನ್ರಿ ಇಲ್ಲಿ! ನಮ್ಮಪ್ಪ ಸಿಕ್ಕ ಸಿಕ್ಕ ದೇವ್ರಿಗೆ ಕಾಲು ಹಿಡಿಯಾಕತ್ತಾನ! ಎಂಥಾ ಮನಿಷಾರಿ ನೀವು? ನಿಮ್ಮ ಕ್ಲಾಸಿನ ಸಲುವಾಗಿ ಆಂಟೀನ..." ಮುಂದೆ ಹೇಳಲಾಗದೆ ಭೋರೆಂದು ಅತ್ತಳು. ಅವಳು ಅತ್ತದ್ದೇ ಅವತ್ತು ಮೊದಲು.

"ಏ ತಂಗಿ, ಸುಮ್ಕಿರವ್ವ, ದೊಡ್ಡವ್ರಿಗೆ ಹಂಗನಬಾರ್ದು" ಎಂದು ಶರಣಪ್ಪ ಓಡಿ ಬಂದರು.

"ಬಿಡಿ ಯಜಮಾನ್ರೇ, ಅನ್ಲಿ" ಎಂದ ಮುನಿರಾಜ. ತಲೆ ತಗ್ಗಿಸಿ ಕೂತು ಅವಳು ಅಂದಷ್ಟನ್ನೂ ಕೇಳಿಸಿಕೊಂಡ. ಅವಳು ಸುಸ್ತಾಗಿ, "ಹೋಗ್ರಿ ಸರ್, ನಿಮ್ಮ ಮುಖ ನೋಡಂಗಿಲ್ಲ ನಾ" ಎಂದಮೇಲೆ ಎದ್ದ.

ಶರಣಪ್ಪ ಮೆಟ್ಟಿಲ ತನಕ ಬಂದರು. ಟೊಪ್ಪಿಗೆ ಇನ್ನೂ ಕೈಯಲ್ಲೇ ಇತ್ತು. "ಹುಡುಗಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಅಕ್ಕಾರು ದೊಡ್ಡ ಜೀವ ಇದ್ರು ಅಂತ ಎಲ್ಲಾರೂ ಹೇಳ್ತಾರ" ಎಂದರು.

"ಇಲ್ಲ ಯಜಮಾನ್ರೇ. ಈಗ ಒಂದು ತುತ್ತು ಹಾಕಿ, ತಿಂತಾಳೆ. ಊರಿಗ್ ಹೋದ್ಮೇಲೆ ಗಾಡಿ ಮುಟ್ಟಲ್ಲ ಅಂದ್ರೆ ಬಲವಂತ ಮಾಡ್ಬೇಡಿ. ಮುಟ್ತೀನಿ ಅಂದ್ರೆ ಬೇಡ ಅನ್ಬೇಡಿ. ನನ್ ಹತ್ರ ಕಲಿತವರಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಕಲೀಲಿಲ್ಲ."

ಕೆಳಗೆ ಬಂದು ಗಾಡಿಯ ಹತ್ತಿರ ನಿಂತ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಇಸ್ತ್ರಿಯವನು ಇಸ್ತ್ರಿ ಮಾಡುತ್ತಿದ್ದ. ಅವರ ಮಧ್ಯೆಯೇ ಮುನಿರಾಜ ಸೀಟಿನ ಹಿಂಭಾಗದ ಮೇಲೆ ಕೈ ಊರಿ, ಬಾಯಿಬಿಟ್ಟೇ ಕೇಳಿದ. "ಒಂದ್ ಮಾತು ಹೇಳ್ಬಾರ್ದಿತ್ತೇನೇ ಪದ್ಮ? ಒಂದೇ ಒಂದ್ ಮಾತು?"

ಕೇಳಿದ ಮೇಲೆ ನೆನಪಾಯಿತು. ಹೇಳಿದ್ದಳು. ಮೊಟ್ಟಮೊದಲ ಸಲ ಕಲಿಯುವವಳ ಹಿಂದೆ ಕೂತು ಬಂದ ಸಂಜೆ, ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಾ, "ರೀ, ನಂಗೆ ಯಾಕೋ ಹೆದರಿಕೆ ಆಯ್ತು ಕಣ್ರೀ" ಎಂದಿದ್ದಳು. ಮುನಿರಾಜ ಪೇಪರಿನಿಂದ ತಲೆ ಎತ್ತದೆ, "ಹೆದರಿಕೆ ಏನೇ, ನಾನು ಹಿಂದೇನೇ ಬರ್ತಿರ್ತೀನಲ್ಲ" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಮತ್ತೆ ಹೇಳಲಿಲ್ಲ.